ಮಳೆಯಿಲ್ಲದೆ ಸೋರಿದ ಮಾಡು: ತೀರ್ಥಹಳ್ಳಿ ಕಡೆಯ ಒಂದು ಮನೆಯ ಅಟ್ಟದ ಪ್ರಕರಣ

ಜನವರಿ ತಿಂಗಳು. ಮಳೆ ನಿಂತು ಎಷ್ಟೋ ವಾರ ಆಗಿತ್ತು. ಆದರೂ ತೀರ್ಥಹಳ್ಳಿ ತಾಲ್ಲೂಕಿನ ಒಂದು ಅಡಿಕೆ ತೋಟದ ಮನೆಯಲ್ಲಿ ಬೆಳಗಿನ ಹೊತ್ತು ಅಡುಗೆಮನೆಯ ಸೀಲಿಂಗಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಆಕಾಶ ಶುಭ್ರವಾಗಿದ್ದ ಚಳಿಯ ರಾತ್ರಿ ಕಳೆದರೆ ಮರುಬೆಳಗ್ಗೆ ಹನಿ ಗ್ಯಾರಂಟಿ. ಮೋಡ ಕವಿದ ರಾತ್ರಿಯ ಮಾರನೇ ದಿನ ಒಂದು ಹನಿಯೂ ಇಲ್ಲ. ಬಿಸಿಲು ಏರಿ ಹತ್ತು ಗಂಟೆ ಆಗುವ ಹೊತ್ತಿಗೆ ಎಲ್ಲ ತಾನಾಗಿಯೇ ನಿಲ್ಲುತ್ತಿತ್ತು.

ಮನೆಯವರು ಮಾಡಿಗೆ, ಅಂದರೆ ಚಾವಣಿಗೆ, ಲೋಹದ ಶೀಟು ಹಾಕಿದವರನ್ನು ಕರೆಸಿದ್ದರು. ಅವರು ಮಾಡು ಹತ್ತಿ ಸ್ಕ್ರೂಗಳ ತಲೆಗೆಲ್ಲ ಸಿಲಿಕಾನ್ ಮೆತ್ತಿದರು. ಹನಿ ನಿಲ್ಲಲಿಲ್ಲ. ಮತ್ತೆ ಕರೆಸಿದಾಗ ಶೀಟಿನ ಜೋಡಣೆಗಳಿಗೆ ಟೇಪು ಅಂಟಿಸಿದರು. ಆಗಲೂ ನಿಲ್ಲಲಿಲ್ಲ. ಕೊನೆಗೆ ಇಡೀ ಶೀಟನ್ನೇ ಬದಲಿಸುವ ಮಾತು ಬಂತು. ಆ ಖರ್ಚಿಗೆ ಇಳಿಯುವ ಮುಂಚೆ ಒಮ್ಮೆ ಬಂದು ನೋಡಿ ಅಂತ ನನ್ನನ್ನು ಕರೆದರು. ಹಳೆ ಮನೆಗಳ ರಿಪೇರಿ ನನ್ನ ಕೆಲಸ. ಮನೆಯವರ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಊರು, ಹೆಸರು ಬೇಡ ಅಂದಿದ್ದಾರೆ. ಮಲೆನಾಡಿನಲ್ಲಿ ಇದೇ ರೀತಿ ಮಾಡು ಬದಲಿಸಿದ ಮನೆಗಳು ಈಗ ಊರಿಗೆ ಹತ್ತಾರು ಇವೆ. ಹಾಗಾಗಿ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ಮೊದಲು ಇದ್ದ ಮಾಡು

ಮನೆ 40 ಅಡಿ ಉದ್ದ, 30 ಅಡಿ ಅಗಲ. ಪೂರ್ವ ಪಶ್ಚಿಮವಾಗಿ ಉದ್ದಕ್ಕೆ ನಿಂತಿದೆ. ಮಾಡಿಗೆ ಎರಡು ಇಳಿಜಾರು, ಒಂದು ಉತ್ತರಕ್ಕೆ, ಇನ್ನೊಂದು ದಕ್ಷಿಣಕ್ಕೆ. ಪೂರ್ವ ಮತ್ತು ಪಶ್ಚಿಮದ ತುದಿಯಲ್ಲಿ ನೆತ್ತಿಯವರೆಗೆ ಏರಿದ ತ್ರಿಕೋನದ ಗೋಡೆ. ಮಲಗುವ ಕೋಣೆಗಳ ಮೇಲೆ ಹಲಗೆಯ ಅಟ್ಟ. ಅಡುಗೆಮನೆ ಮತ್ತು ಬಚ್ಚಲಿನ ಮೇಲೆ ಅಟ್ಟ ಇರಲಿಲ್ಲ. ಕೆಳಗೆ ನಿಂತು ತಲೆ ಎತ್ತಿದರೆ ನೇರ ಹಂಚು ಕಾಣುತ್ತಿತ್ತು.

ಹಂಚು ಅಂದರೆ ಮಂಗಳೂರು ಹಂಚು. 1860ರ ದಶಕದಲ್ಲಿ ಬಾಸೆಲ್ ಮಿಷನ್ ಅನ್ನುವ ಕ್ರೈಸ್ತ ಮಿಷನರಿ ಸಂಸ್ಥೆಯವರು ಮಂಗಳೂರಿನಲ್ಲಿ ನದಿದಂಡೆಯ ಜೇಡಿಮಣ್ಣನ್ನು ಒತ್ತಿ, ಸುಟ್ಟು ಮಾಡಲು ಶುರುಮಾಡಿದ ಆ ಹಂಚು ಘಟ್ಟ ಹತ್ತಿ ಮಲೆನಾಡನ್ನೂ ಆವರಿಸಿತು. 100 ಚದರಡಿ ಮಾಡಿಗೆ ಸುಮಾರು 150 ಹಂಚು ಬೇಕು. ಸೂರಿನ ಚಾಚು ಸೇರಿಸಿದರೆ ಈ ಮನೆಗೆ ಎರಡೂವರೆ ಸಾವಿರಕ್ಕೂ ಜಾಸ್ತಿ ಹಂಚು ಕೂತಿತ್ತು. ಪ್ರತಿ ಹಂಚಿಗೂ ಪಕ್ಕದಲ್ಲಿ ಒಂದು ಗಾಡಿ (ಉದ್ದನೆಯ ತೋಡು), ತಲೆಯಲ್ಲಿ ಒಂದು ಗಾಡಿ. ಒಂದರ ಗಾಡಿಯೊಳಗೆ ಇನ್ನೊಂದರ ಅಂಚು ಕೂರುತ್ತದೆ. ಆ ಜೋಡಣೆ ಮಳೆನೀರನ್ನು ಹೊರಗೆ ಹರಿಸುತ್ತದೆ. ಆದರೆ ಗಾಳಿಯನ್ನು ತಡೆಯುವುದಿಲ್ಲ. ಹಂಚಿನ ಮನೆಯಲ್ಲಿ ಬೆಳೆದವರಿಗೆ ಗೊತ್ತು, ಒಲೆ ಹಚ್ಚಿದರೆ ಹೊರಗಿನಿಂದ ನೋಡಿದಾಗ ಇಡೀ ಮಾಡಿನ ಸಂದಿಗೊಂದಿಯಿಂದ ಹೊಗೆ ಏಳುತ್ತಿರುತ್ತದೆ. ಆ ಮನೆಗೆ ಬೇರೆ ಗಾಳಿಕಿಂಡಿ ಬೇಕಿರಲಿಲ್ಲ. ಮಾಡೇ ಗಾಳಿಕಿಂಡಿಯಾಗಿತ್ತು.

ಹಂಚಿಗೆ ಇನ್ನೂ ಒಂದು ಗುಣ ಇದೆ, ಅದನ್ನು ಜನ ಅಷ್ಟಾಗಿ ಗಮನಿಸುವುದಿಲ್ಲ. ಸುಟ್ಟ ಮಣ್ಣು ನೀರು ಹೀರುತ್ತದೆ. ರಾತ್ರಿ ಅಡಿಭಾಗದಲ್ಲಿ ಒಂದಿಷ್ಟು ಪಸೆ ಕೂತರೂ ಹಂಚು ಅದನ್ನು ಒಳಗೆ ಎಳೆದುಕೊಂಡು ಬಿಸಿಲು ಬಂದ ಮೇಲೆ ಬಿಡುತ್ತದೆ. ಹನಿ ಕಟ್ಟಲು ಬಿಡುವುದಿಲ್ಲ.

ಮೂರನೆಯದು ಒಲೆಯ ಹೊಗೆ. ಮಲೆನಾಡಿನ ಅಟ್ಟವನ್ನು ಮಳೆಗಾಲದಲ್ಲಿ ಒಣಗಿಸಿಟ್ಟಿದ್ದು ಗಾಳಿಗಿಂತ ಹೆಚ್ಚಾಗಿ ಸೌದೆ ಒಲೆ. ಜುಲೈ ತಿಂಗಳಲ್ಲಿ ಹೊರಗಿನ ಗಾಳಿಯೇ ನೀರಿನಿಂದ ತುಂಬಿರುವಾಗ ಅದನ್ನು ಎಷ್ಟು ಒಳಗೆ ಬಿಟ್ಟರೂ ಏನೂ ಒಣಗುವುದಿಲ್ಲ. ಒಲೆಯ ಬಿಸಿ ಆ ಗಾಳಿಯನ್ನು ನಾಲ್ಕು ಡಿಗ್ರಿ ಏರಿಸಿದರೆ ಮಾತ್ರ ಅದಕ್ಕೆ ಮತ್ತೆ ಪಸೆ ಹೀರುವ ಶಕ್ತಿ ಬರುತ್ತದೆ. ಜೊತೆಗೆ ಇಲ್ಲಣ (ಹೊಗೆಯ ಮಸಿ) ಹಿಡಿದ ಪಕಾಸಿಗೆ, ಅಂದರೆ ಮಾಡನ್ನು ಹೊರುವ ಇಳಿಜಾರಿನ ಮರಕ್ಕೆ, ಮರ ಕೊರೆಯುವ ಕುಟ್ಟೆ ಹುಳ ಸುಲಭವಾಗಿ ಹತ್ತುವುದಿಲ್ಲ. ಈ ಮನೆಯಲ್ಲಿ ಅಡುಗೆ ಗ್ಯಾಸಿಗೆ ಬಂದು ಬಹಳ ವರ್ಷ ಆಗಿದೆ. ಬಚ್ಚಲ ಹಂಡೆ ಒಲೆ ಮಾತ್ರ ಉಳಿದಿದೆ.

ಬದಲಾಗಿದ್ದು ಏನೇನು

ಹಂಚು ತೆಗೆಯಲು ಕಾರಣ ಮಂಗ. ಕಾಡಂಚಿನ ತೋಟದ ಮನೆಯವರಿಗೆ ಇದನ್ನು ವಿವರಿಸಬೇಕಿಲ್ಲ. ಮಂಗಗಳ ಹಿಂಡು ಒಮ್ಮೆ ಮಾಡಿನ ಮೇಲೆ ಓಡಿತೆಂದರೆ ಹಂಚು ಒಡೆಯುತ್ತದೆ, ಜರುಗುತ್ತದೆ. ಮಳೆಗೆ ಮುಂಚೆ ಹಂಚು ಕೈಯಾಡಿಸಲು ಜನ ಸಿಗುವುದಿಲ್ಲ. ಸಿಕ್ಕರೂ ಹದ ಬಲ್ಲವರಲ್ಲ. ಹಾಗಾಗಿ ಶೀಟಿಗೆ ಹೋಗಿದ್ದು ತಪ್ಪು ಅಂತ ನಾನು ಯಾವತ್ತೂ ಹೇಳುವುದಿಲ್ಲ. ಈ ಮನೆಯವರು ಹಳೆ ಪಕಾಸಿಗಳನ್ನು ಹಾಗೆಯೇ ಇಟ್ಟು, ಹಂಚು ಕೂರುವ ಮರದ ಪಟ್ಟಿಯ (ರೀಪಿನ) ಬದಲು ಕಬ್ಬಿಣದ ಪೈಪು ಕಟ್ಟಿಸಿ, ಮೇಲೆ ಕಡುಗೆಂಪು ಬಣ್ಣದ ಶೀಟು ಹಾಕಿಸಿದ್ದರು. ಕೆಲಸ ಅಚ್ಚುಕಟ್ಟಾಗಿಯೇ ಇತ್ತು.

ತೊಂದರೆ ಬಂದಿದ್ದು ಅದರ ಜೊತೆಗೆ ಮಾಡಿದ ಬೇರೆ ಕೆಲಸಗಳಿಂದ. ಗೋಡೆಯ ತಲೆ ಮತ್ತು ಶೀಟಿನ ನಡುವೆ, ಪಕಾಸಿಗಳ ಎಡೆಯಲ್ಲಿ ಉಳಿಯುವ ಸಂದಿಯನ್ನು ಬಾವಲಿ, ಇಲಿ ಬರದಂತೆ ಇಟ್ಟಿಗೆ ಸಿಮೆಂಟು ಇಟ್ಟು ಮುಚ್ಚಿದರು. ನೆತ್ತಿಯ ಮೇಲಿನ ರಿಡ್ಜ್ ಶೀಟಿನ ಅಡಿಗೆ ಫೋಮ್ ತುರುಕಿದರು. ಅಡುಗೆಮನೆಗೆ ಪಿವಿಸಿ ಸೀಲಿಂಗ್ ಬಂತು. ಒಲೆಯ ಮೇಲೆ ಎಲೆಕ್ಟ್ರಿಕ್ ಚಿಮಣಿ ಬಂತು. ಚಿಮಣಿಯ ಪೈಪನ್ನು ಹೊರಗೆ ಬಿಡಬೇಕಾದರೆ ಶೀಟಿಗೋ ಗೋಡೆಗೋ ತೂತು ಹೊಡೆಯಬೇಕು, ಸೋರುತ್ತದೆ ಅಂತ ಹೆದರಿ ಸೀಲಿಂಗಿನ ಮೇಲಕ್ಕೆ ಬಿಟ್ಟು ಕೈತೊಳೆದುಕೊಂಡಿದ್ದರು. ಇನ್ನು ಬಚ್ಚಲ ಗೋಡೆ ಮೊದಲಿಂದಲೂ ಮಾಡಿನವರೆಗೆ ಏರಿರಲಿಲ್ಲ, ಮೇಲೆ ಎರಡಡಿ ಖಾಲಿ. ಹಂಚಿದ್ದಾಗ ಹಂಡೆಯ ಹಬೆ, ಹೊಗೆ ಎಲ್ಲ ಆ ಖಾಲಿಯಿಂದ ಹಾದು ಹಂಚಿನ ಸಂದಿಯಲ್ಲಿ ಹೊರಟುಹೋಗುತ್ತಿತ್ತು.

ಈಗ ಅದಕ್ಕೆ ಹೋಗಲು ದಾರಿಯೇ ಇರಲಿಲ್ಲ. ಅಕ್ಕಿ ಬೆಂದ ಹಬೆ, ಹಂಡೆಯ ಹಬೆ, ಒದ್ದೆ ಬಟ್ಟೆ ಒಣಗಿದ ಪಸೆ, ಮನೆಮಂದಿಯ ಉಸಿರು, ಎಲ್ಲ ಮೇಲೇರಿ ಮುಚ್ಚಿದ ಅಟ್ಟದಲ್ಲಿ ಸೇರುತ್ತಿತ್ತು.

ಸೋರಿಕೆಯೋ ಬೆವರೋ

ಅಟ್ಟಕ್ಕೆ ಏಣಿ ಹಾಕಿ ಹತ್ತಿದಾಗ ಮೊದಲು ಮೂಗಿಗೆ ಬಡಿದಿದ್ದು ಬೂಷ್ಟಿನ ವಾಸನೆ. ಮೂಲೆಯಲ್ಲಿ ಒಟ್ಟಿದ್ದ ಗೋಣಿಚೀಲಗಳ ಮೈಮೇಲೆ ಬಿಳಿ ಬೂಷ್ಟು. ಹೊಸ ಪೈಪಿನ ವೆಲ್ಡಿಂಗ್ ಜಾಗಗಳಲ್ಲಿ ತುಕ್ಕು. ಶೀಟನ್ನು ತೂರಿ ಒಳಬಂದ ಸ್ಕ್ರೂಗಳ ಮೊನೆಯಲ್ಲಿ ಒಂದೊಂದು ಹನಿ ನೇತಾಡುತ್ತಿತ್ತು. ಅದನ್ನು ನೋಡಿದವರು ಸ್ಕ್ರೂ ತೂತಿನಿಂದಲೇ ನೀರು ಬರುತ್ತಿದೆ ಅಂದುಕೊಳ್ಳುವುದು ಸಹಜ. ಆದರೆ ಸ್ಕ್ರೂ ಇಲ್ಲದ ಕಡೆಯೂ ಶೀಟಿನ ಅಡಿಭಾಗ ಪೂರ್ತಿ ಸಣ್ಣ ಹನಿಗಳಿಂದ ತುಂಬಿತ್ತು. ಬೆರಳಾಡಿಸಿದರೆ ಗೆರೆ ಬೀಳುತ್ತಿತ್ತು. ಹನಿಗಳು ದೊಡ್ಡದಾಗಿ ಇಳಿಜಾರಿನಲ್ಲಿ ಜಾರಿ, ಅಡ್ಡ ಪೈಪು ಸಿಕ್ಕಿದಲ್ಲಿ ನಿಂತು, ಅಲ್ಲಿಂದ ಸಾಲಾಗಿ ಕೆಳಗೆ ಬೀಳುತ್ತಿದ್ದವು. ಹಳೆ ಪಕಾಸಿಯ ಇಲ್ಲಣವನ್ನು ತೊಳೆದುಕೊಂಡು ಬಂದ ನೀರು ಪಿವಿಸಿ ಸೀಲಿಂಗಿನ ಮೇಲೆ ಕಂದು ಕಲೆ ಮಾಡಿತ್ತು. ಆ ಕಲೆಯ ಸಾಲೂ ಪೈಪಿನ ಸಾಲೂ ಒಂದಕ್ಕೊಂದು ಸರಿಯಾಗಿ ಹೊಂದುತ್ತಿತ್ತು.

ನನಗೆ ಅಷ್ಟೇ ಸಾಕಿತ್ತು. ಆದರೆ ಮನೆಯವರಿಗೆ ಕಣ್ಣಾರೆ ಕಾಣಬೇಕಿತ್ತು. ಸಂಜೆ ಶೀಟು ಒಣಗಿದ್ದಾಗ ಅಡಿಭಾಗದ ಒಂದು ಜಾಗವನ್ನು ಬಟ್ಟೆಯಲ್ಲಿ ಒರೆಸಿ, ಒಂದಡಿ ಅಗಲದ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಅಂಚಿಗೆ ಟೇಪು ಹಾಕಿ ಬಿಗಿಯಾಗಿ ಅಂಟಿಸಿದೆವು. ಒಂದು ಹಾಳೆ ಅವರು ಸೋರುತ್ತಿದೆ ಅಂತ ತೋರಿಸಿದ ಸ್ಕ್ರೂವಿನ ಮೇಲೆ, ಇನ್ನೊಂದು ಸ್ಕ್ರೂ ಇಲ್ಲದ ಕಡೆ. ನೀರು ಮೇಲಿನಿಂದ ಬರುತ್ತಿದ್ದರೆ ಹಾಳೆ ಮತ್ತು ಶೀಟಿನ ನಡುವೆ ಸೇರಬೇಕು. ಅಟ್ಟದ ಗಾಳಿಯಿಂದ ಬರುತ್ತಿದ್ದರೆ ಹಾಳೆಯ ಕೆಳಮೈಗೆ, ನಮ್ಮ ಕಡೆಗೆ, ಹನಿ ಕಟ್ಟಬೇಕು. ಬೆಳಗ್ಗೆ ಹತ್ತಿ ನೋಡಿದರೆ ಎರಡೂ ಹಾಳೆಗಳ ಕೆಳಮೈ ಒದ್ದೆ. ಬಿಚ್ಚಿದರೆ ಒಳಗೆ ಒಣ. ಹತ್ತು ರೂಪಾಯಿಯ ಪ್ಲಾಸ್ಟಿಕ್ಕಿನಲ್ಲಿ ಮುಗಿಯುವ ಪರೀಕ್ಷೆ ಇದು. ಶೀಟು ಬದಲಿಸುವ ಮೊದಲು ಯಾರಾದರೂ ಮಾಡಬಹುದು, ಮಾಡಲೇಬೇಕು.

ಅನ್ನ ಬೇಯುವ ಪಾತ್ರೆಯ ಮುಚ್ಚಳ ತೆಗೆದಾಗ ಅದರ ಅಡಿಯಲ್ಲಿ ನೀರು ನೇತಾಡುತ್ತದಲ್ಲ, ಇಲ್ಲೂ ಆಗುತ್ತಿದ್ದುದು ಅದೇ. ಗಾಳಿ ಬಿಸಿ ಇದ್ದಷ್ಟೂ ಹೆಚ್ಚು ಆವಿ ಹಿಡಿದುಕೊಳ್ಳುತ್ತದೆ. 24 ಡಿಗ್ರಿಯಲ್ಲಿ ಒಂದು ಘನ ಮೀಟರ್ ಗಾಳಿ ಹೆಚ್ಚೆಂದರೆ 22 ಗ್ರಾಂ ನೀರು ಹಿಡಿಯುತ್ತದೆ. 14 ಡಿಗ್ರಿಗೆ ಇಳಿಸಿದರೆ 12 ಗ್ರಾಂ ಮಾತ್ರ. ಉಳಿದ 10 ಗ್ರಾಂ ಎಲ್ಲಿಗೆ ಹೋಗಬೇಕು? ಸಿಕ್ಕಿದ ತಣ್ಣನೆಯ ಮೈಮೇಲೆ ನೀರಾಗಿ ಕೂರಬೇಕು. ಈ ಮನೆಯ ಅಟ್ಟದಲ್ಲಿ ಸುಮಾರು 150 ಘನ ಮೀಟರ್ ಗಾಳಿ ಇದೆ. ಅದು ಆವಿಯಿಂದ ತುಂಬಿದ್ದರೆ ಒಂದು ಸಲ ತಣಿದಾಗಲೇ ಒಂದೂವರೆ ಲೀಟರ್ ನೀರು. ಕೆಳಗಿನಿಂದ ಹೊಸ ಹಬೆ ಬರುತ್ತಲೇ ಇರುವಾಗ ಲೆಕ್ಕ ಅಲ್ಲಿಗೇ ನಿಲ್ಲುವುದೂ ಇಲ್ಲ.

ಶೀಟು ಅಷ್ಟು ತಣ್ಣಗಾಗುವುದು ಹೇಗೆ? ಶುಭ್ರ ಆಕಾಶದ ರಾತ್ರಿ ಶೀಟು ತನ್ನ ಬಿಸಿಯನ್ನು ನೇರ ಆಕಾಶಕ್ಕೆ ಸೂಸಿಬಿಡುತ್ತದೆ. ತೆಳ್ಳಗಿನ ಲೋಹ, ಹಿಡಿದಿಡಲು ಬಿಸಿಯೇ ಕಡಿಮೆ. ಹಾಗಾಗಿ ಸುತ್ತಲಿನ ಗಾಳಿಗಿಂತಲೂ ಕೆಲವು ಡಿಗ್ರಿ ಕೆಳಗಿಳಿಯುತ್ತದೆ. ಬೆಳಗ್ಗೆ ಕಾರಿನ ಮೇಲೆ ಇಬ್ಬನಿ ಕೂರುವುದು ಇದೇ ಕಾರಣಕ್ಕೆ. ಮೋಡ ಇದ್ದರೆ ಅದು ಬಿಸಿಯನ್ನು ಹಿಂದಕ್ಕೆ ಕಳಿಸುತ್ತದೆ, ಶೀಟು ಅಷ್ಟು ತಣಿಯುವುದಿಲ್ಲ. ಮೋಡದ ರಾತ್ರಿಯ ನಂತರ ಹನಿ ಇಲ್ಲದ ಗುಟ್ಟು ಅದು.

ಕೆನಡಾದಲ್ಲೋ ಅಮೆರಿಕದ ಉತ್ತರ ಭಾಗದಲ್ಲೋ ಇರುವ ನಮ್ಮವರಿಗೆ ಇದು ಹೊಸದಲ್ಲ. ಅಲ್ಲಿ ಚಳಿಗಾಲದಲ್ಲಿ ಅಟ್ಟದ ಹಲಗೆಗೆ ಮಂಜು ಕಟ್ಟಿ, ಬಿಸಿಲು ಬಂದಾಗ ಕರಗಿ, ಮನೆಯೊಳಗೆ ಮಳೆ ಬಂದಂತೆ ಸುರಿಯುತ್ತದೆ. ಹುಡುಕುತ್ತಾ ಹೋದರೆ ಎಷ್ಟೋ ಸಲ ಸಿಗುವುದು ಬಾತ್‌ರೂಮಿನ ಫ್ಯಾನಿನ ಪೈಪು ಹೊರಗೆ ಹೋಗದೆ ಅಟ್ಟದಲ್ಲೇ ಬಾಯಿ ಬಿಟ್ಟುಕೊಂಡಿರುವುದು. ತೀರ್ಥಹಳ್ಳಿಯ ಚಿಮಣಿ ಪೈಪಿನ ಕತೆಯೇ.

ಕೆಳಗೆ ಒಳಕ್ಕೆ, ಮೇಲೆ ಹೊರಕ್ಕೆ

ಅಟ್ಟದ ಗಾಳಿಯಾಟ ನಡೆಯುವುದು ಎರಡು ಬಲದಿಂದ. ಒಂದು ಬೀಸುವ ಗಾಳಿ, ಅದನ್ನು ನೆಚ್ಚಿಕೊಳ್ಳುವ ಹಾಗಿಲ್ಲ. ತೋಟದ ನಡುವಿನ ಮನೆಗೆ ಅಡಿಕೆ ಮರಗಳೇ ತಡೆ. ಇನ್ನೊಂದು, ಬಿಸಿ ಗಾಳಿ ಹಗುರಾಗಿ ಮೇಲೇಳುವುದು. ಅದಕ್ಕೆ ಸೂರಿನ ಹತ್ತಿರ ಒಳಬರುವ ಬಾಯಿ ಬೇಕು, ನೆತ್ತಿಯ ಹತ್ತಿರ ಹೊರಹೋಗುವ ಬಾಯಿ ಬೇಕು. ಎರಡರ ನಡುವೆ ಎತ್ತರ ಜಾಸ್ತಿ ಇದ್ದಷ್ಟೂ, ಒಳಗೆ ಹೊರಗೆ ಬಿಸಿಯ ವ್ಯತ್ಯಾಸ ಜಾಸ್ತಿ ಇದ್ದಷ್ಟೂ, ಎಳೆತ ಜಾಸ್ತಿ. ಮೇಲೆ ಮಾತ್ರ ತೂತು ಮಾಡಿ ಕೆಳಗೆ ಮುಚ್ಚಿಟ್ಟರೆ ಪ್ರಯೋಜನ ಇಲ್ಲ. ಅದಕ್ಕಿಂತ ಕೆಟ್ಟದ್ದೇನೆಂದರೆ, ಆಗ ಗಾಳಿ ಬರುವ ದಾರಿ ಸೀಲಿಂಗಿನ ಸಂದಿಯೇ ಆಗಿ, ಕೆಳಗಿನ ಕೋಣೆಯ ಹಬೆಯನ್ನೇ ಅದು ಎಳೆದುಕೊಳ್ಳುತ್ತದೆ. ಅಟ್ಟಕ್ಕೆ ಎಕ್ಸಾಸ್ಟ್ ಫ್ಯಾನ್ ಹಾಕಿಸುವ ಆಲೋಚನೆ ಮನೆಯವರಿಗೂ ಇತ್ತು. ಕೆಳಗೆ ಸಾಕಷ್ಟು ಬಾಯಿ ಇಲ್ಲದೆ ಫ್ಯಾನ್ ಹಾಕಿದರೆ ಇದೇ ಆಗುತ್ತದೆ ಅಂತ ಬೇಡ ಎಂದೆ.

ಬಾಯಿ ಎಷ್ಟು ದೊಡ್ಡದಿರಬೇಕು? ಎಲ್ಲ ಕಡೆ ಉಲ್ಲೇಖ ಆಗುವ ಅಳತೆ ಅಮೆರಿಕದ್ದು. ಅಟ್ಟದ ನೆಲದ 300ರಲ್ಲಿ ಒಂದು ಭಾಗ ಅನ್ನುವ ಲೆಕ್ಕ 1942ರಲ್ಲಿ ಅಲ್ಲಿನ ಫೆಡರಲ್ ಹೌಸಿಂಗ್ ಅಡ್ಮಿನಿಸ್ಟ್ರೇಷನ್ನಿನ ನಿಯಮದಲ್ಲಿ ಬಂತು. ಈಗಿನ ಅಲ್ಲಿನ ಕಟ್ಟಡ ಸಂಹಿತೆ ಸಾಮಾನ್ಯವಾಗಿ 150ರಲ್ಲಿ ಒಂದು ಭಾಗ ಕೇಳುತ್ತದೆ. ಮೇಲಿನ ಬಾಯಿ ಮತ್ತು ಕೆಳಗಿನ ಬಾಯಿ ಹೆಚ್ಚುಕಡಿಮೆ ಸಮವಾಗಿದ್ದು ಇನ್ನು ಕೆಲವು ಷರತ್ತು ಪೂರೈಸಿದರೆ 300ಕ್ಕೆ ಇಳಿಸಲು ಬಿಡುತ್ತದೆ. ಅದು ಚಳಿದೇಶದ ಪಸೆಯನ್ನು ಮನಸ್ಸಿನಲ್ಲಿಟ್ಟು ಹುಟ್ಟಿದ ಲೆಕ್ಕ. ಘಟ್ಟದ ಮಳೆಗೆ, ನಮ್ಮ ಬಿಸಿಲಿಗೆ ಮಾಡಿದ್ದಲ್ಲ. ಆದರೆ ಚಳಿಯ ಬೆಳಗಿನ ಹನಿ ಅನ್ನುವ ಈ ಮನೆಯ ಕಾಯಿಲೆಗೆ ಅದು ಹೊಂದುತ್ತದೆ. ಹಾಗಾಗಿ ಅದನ್ನೇ ಹಿಡಿದೆ. 1200 ಚದರಡಿಗೆ 150ರ ಲೆಕ್ಕದಲ್ಲಿ 8 ಚದರಡಿ. ನಾಲ್ಕು ಕೆಳಗೆ, ನಾಲ್ಕು ಮೇಲೆ.

ಇಲ್ಲಿ ಎಲ್ಲರೂ ಎಡವುವ ಒಂದು ಜಾಗ ಇದೆ. 8 ಚದರಡಿ ಅಂದರೆ ಗಾಳಿ ನಿಜವಾಗಿ ಹಾಯುವ ಖಾಲಿ ಜಾಗ. ಕಿಂಡಿಗೆ ಮಳೆ ತಡೆಯುವ ಓರೆ ಪಟ್ಟಿ (ಲೂವರ್), ಅದರ ಹಿಂದೆ ಜಾಲರಿ ಬಂದ ಮೇಲೆ ಚೌಕಟ್ಟಿನ ಅರ್ಧದಷ್ಟು ಮಾತ್ರ ಖಾಲಿ ಉಳಿಯಬಹುದು. ಆದ್ದರಿಂದ ಚೌಕಟ್ಟು ಎರಡು ಪಟ್ಟು ದೊಡ್ಡದಿರಬೇಕು. ಜಾಲರಿ ಸೊಳ್ಳೆಪರದೆಯಷ್ಟು ಸಣ್ಣದಾದರೆ ಧೂಳು, ಜೇಡರ ಬಲೆ ತುಂಬಿ ವರ್ಷದೊಳಗೆ ಗೋಡೆಯೇ ಆಗಿಬಿಡುತ್ತದೆ. ಕಾಲಿಂಚಿನ ವೆಲ್ಡ್ ಮೆಶ್ ಬಾವಲಿಯನ್ನೂ ಇಲಿಯನ್ನೂ ತಡೆಯುತ್ತದೆ, ಕಟ್ಟಿಕೊಳ್ಳುವುದೂ ಕಡಿಮೆ.

ಮಾಡಿದ ಕೆಲಸ

ಕಿಂಡಿಗೆ ಕೈಹಾಕುವ ಮೊದಲು ಹಬೆಯ ಮೂಲ ಮುಚ್ಚಿಸಿದೆ. ಈ ಕ್ರಮವನ್ನು ನಾನು ಬಿಡುವುದಿಲ್ಲ. ಹಬೆಯನ್ನು ಅಟ್ಟಕ್ಕೆ ತುಂಬುತ್ತಾ, ಅದನ್ನು ಹೊರಹಾಕಲು ಕಿಂಡಿ ದೊಡ್ಡದು ಮಾಡುತ್ತಾ ಹೋಗುವುದರಲ್ಲಿ ಅರ್ಥ ಇಲ್ಲ. ಚಿಮಣಿಯ ಪೈಪನ್ನು ಉತ್ತರದ ಗೋಡೆಯಿಂದ ಹೊರಗೆ ತೆಗೆದು, ಸೂರಿನಿಂದ ಸಾಕಷ್ಟು ಕೆಳಗೆ ಬಾಯಿ ಬಿಟ್ಟೆವು. ಸೂರಿನ ಕಿಂಡಿಯ ಪಕ್ಕದಲ್ಲೇ ಬಿಟ್ಟರೆ ಅದೇ ಹಬೆ ಮತ್ತೆ ಒಳಗೆ ಬರುತ್ತದೆ. ಬಚ್ಚಲ ಗೋಡೆಯ ಮೇಲಿನ ಎರಡಡಿಯನ್ನು ಸಿಮೆಂಟ್ ಬೋರ್ಡಿನಿಂದ ಮುಚ್ಚಿ, ಹೊರಗೋಡೆಯಲ್ಲಿ ಹಬೆಗೆ ಒಂದು ಕಿಂಡಿ ಕೊಟ್ಟೆವು. ಹಂಡೆ ಒಲೆಯ ಹೊಗೆಗೆ ಬೇರೆ ಕೊಳವೆ ಹಾಕಿಸಿದೆವು. ಕೋಣೆ ಮುಚ್ಚಿದ ಮೇಲೆ ಹೊಗೆ ಅಲ್ಲೇ ನಿಲ್ಲುವುದು ಅಪಾಯ. ಪಿವಿಸಿ ಸೀಲಿಂಗಿನ ಅಂಚು, ದೀಪದ ತೂತುಗಳ ಸುತ್ತ ಸಂದಿ ತುಂಬಿದ್ದಾಯಿತು.

ನಂತರ ಸೂರು. ಎರಡೂ ಉದ್ದದ ಗೋಡೆಗಳ ಮೇಲೆ, ಪಕಾಸಿಗಳ ಎಡೆಯ ಸಿಮೆಂಟನ್ನು ಒಂದು ಬಿಟ್ಟು ಒಂದರಂತೆ ಒಡೆದು ಮೆಶ್ ಕೂರಿಸಿದರು. ಆ ಕೆಲಸ ಮಾಡಿದ ಮೇಸ್ತ್ರಿಯ ಕೈ ನೋಡಬೇಕಿತ್ತು. ನೂರಾರು ಮಳೆ ಕಂಡ ಮಣ್ಣಿನ ಗೋಡೆಯ ತಲೆ ಅದು, ಸುತ್ತಿಗೆಯ ಏಟು ಜೋರಾದರೆ ಪುಡಿಯಾಗುತ್ತದೆ. ಅವರು ಉಳಿಯ ಮೊನೆಯನ್ನು ಗಾರೆಯ ಗೆರೆಗೇ ಇಟ್ಟು, ಇಟ್ಟಿಗೆಯನ್ನು ಇಡಿಯಾಗಿ ಸಡಿಲಿಸಿ ಎಳೆದು ತೆಗೆದರು. ಒಂದು ಪಕಾಸಿಯೂ ಅಲುಗಲಿಲ್ಲ. ಮೆಶ್ಶಿನ ಅಂಚನ್ನು ಹೊರಕ್ಕೆ ಮಡಚಿ ಮೊಳೆ ಹೊಡೆದರು, ಇಲಿ ಕಚ್ಚಿ ಎಳೆಯಲು ತುದಿ ಸಿಗದಂತೆ.

ನೆತ್ತಿಯ ಬಗ್ಗೆ ಚರ್ಚೆ ನಡೆಯಿತು. ರಿಡ್ಜ್ ಶೀಟನ್ನು ಸ್ವಲ್ಪ ಎತ್ತಿ ಉದ್ದಕ್ಕೂ ಸಂದಿ ಬಿಡುವುದು ಪುಸ್ತಕದ ಪ್ರಕಾರ ಒಳ್ಳೆ ದಾರಿ, ನೆತ್ತಿಯೇ ಅತಿ ಎತ್ತರದ ಜಾಗ. ಆದರೆ ಇದು ಆಗುಂಬೆ ಇರುವ ತಾಲ್ಲೂಕು. ಅಲ್ಲಿ ವರ್ಷಕ್ಕೆ 7000 ಮಿಲಿಮೀಟರಿಗೂ ಮೀರಿ ಮಳೆ ಬೀಳುವುದುಂಟು. ಈ ಮನೆ ಅಲ್ಲಿಂದ ದೂರದಲ್ಲಿದ್ದರೂ ಅಡ್ಡಮಳೆಗೆ ಕೊರತೆ ಇಲ್ಲ. ಗಾಳಿಯ ಜೊತೆ ಬರುವ ಎರಚಲು ಇಳಿಜಾರಿನಲ್ಲಿ ಮೇಲಕ್ಕೂ ಹತ್ತುತ್ತದೆ. ಕಾರ್ಖಾನೆ ಶೆಡ್ಡುಗಳಲ್ಲಿ ತಿರುಗುವ ಟರ್ಬೋ ವೆಂಟಿಲೇಟರ್ ಹಾಕಿ ಅಂತಲೂ ಯಾರೋ ಹೇಳಿದ್ದರು. ಗಾಳಿ ಬೀಸದ ಚಳಿಯ ಬೆಳಗ್ಗೆ ಅದು ತಿರುಗುವುದೇ ಇಲ್ಲ. ಅದಕ್ಕಾಗಿ ಇಳಿಜಾರಿನ ಶೀಟಿಗೆ ದೊಡ್ಡ ತೂತು ಹೊಡೆದು ಮುಂದೆ ಅದನ್ನು ಕಾಯುತ್ತಾ ಕೂರುವುದು ನನಗೆ ಸರಿ ಕಾಣಲಿಲ್ಲ.

ಹಾಗಾಗಿ ತ್ರಿಕೋನದ ಗೋಡೆಗಳನ್ನೇ ಬಳಸಿಕೊಂಡೆವು. ಮಳೆಗಾಳಿ ಬರುವುದು ಪಡುವಣದಿಂದ. ಆದ್ದರಿಂದ ಪೂರ್ವದ ಗೋಡೆಯ ನೆತ್ತಿಯ ಹತ್ತಿರ ದೊಡ್ಡ ಲೂವರ್, ಪಶ್ಚಿಮದಲ್ಲಿ ಚಿಕ್ಕದು. ಪಶ್ಚಿಮದ್ದಕ್ಕೆ ಆಳವಾದ ಪಟ್ಟಿ, ಮೇಲೆ ಮತ್ತು ಎರಡೂ ಬದಿಗೆ ತಗಡಿನ ಮರೆ, ಒಳಗಿನಿಂದ ಮುಚ್ಚಬಹುದಾದ ಒಂದು ಹಲಗೆ. ಜೂನ್ ಬಂದರೆ ಹಲಗೆ ಹಾಕುವುದು, ಅಕ್ಟೋಬರಿನಲ್ಲಿ ತೆಗೆಯುವುದು. ರಿಡ್ಜ್ ಅಡಿಯ ಫೋಮನ್ನು ಹಾಗೆಯೇ ಬಿಟ್ಟೆವು. ಮೇಲೆ ಎರಡು ರೀತಿಯ ಬಾಯಿ ಅಕ್ಕಪಕ್ಕ ಇದ್ದರೆ ಗಾಳಿ ಒಂದರಿಂದ ಬಂದು ಇನ್ನೊಂದರಿಂದ ಹೋಗಿ, ಸೂರಿನ ಕಡೆಯ ಗಾಳಿ ಅಲುಗದೇ ಉಳಿಯಬಹುದು.

ಏನು ಸರಿಹೋಯಿತು, ಏನು ಇಲ್ಲ

ಮುಂದಿನ ಚಳಿಗಾಲ ಅಡುಗೆಮನೆಗೆ ಹನಿ ಬೀಳಲಿಲ್ಲ. ಅತಿ ಚಳಿಯ ಬೆಳಗ್ಗೆ ಅಟ್ಟ ಹತ್ತಿದರೆ ಉತ್ತರದ ಇಳಿಜಾರಿನ ಶೀಟಿಗೆ ಈಗಲೂ ತೆಳ್ಳಗೆ ಪಸೆ ಕಾಣುತ್ತದೆ. ಅದು ಕಿಂಡಿಯಿಂದ ಬಂದ ಹೊರಗಿನ ಗಾಳಿಯದ್ದೇ ಪಸೆ. ಮಂಜು ಮುಸುಕಿದ ಬೆಳಗ್ಗೆ ಹೊರಗಿನ ಗಾಳಿಯೂ ತುಂಬಿರುತ್ತದಲ್ವಾ, ಶೀಟು ಅದಕ್ಕಿಂತ ತಣ್ಣಗಿದ್ದರೆ ಇಷ್ಟು ಆಗೇ ಆಗುತ್ತದೆ. ಆದರೆ ಹನಿ ಕಟ್ಟಿ ಜಾರುವಷ್ಟು ಇರುವುದಿಲ್ಲ, ಬಿಸಿಲು ತಾಗಿದೊಡನೆ ಆರಿಹೋಗುತ್ತದೆ. ಮರಕ್ಕೆ ಬೇಕಾಗಿದ್ದು ಇದೇ. ಮರದ ತೇವ ನೂರಕ್ಕೆ 20ರ ಕೆಳಗೆ ಉಳಿದರೆ ಕೊಳೆಯುವ ಭಯ ಇಲ್ಲ. ದಿನವೂ ನೆನೆದು ದಿನವೂ ಆರದೆ ಉಳಿದರೆ ಮಾತ್ರ ಕುಂಬಾಗುತ್ತದೆ. ಬಚ್ಚಲ ಮೇಲಿನ ಎರಡು ಪಕಾಸಿಗಳ ತಲೆ ಆಗಲೇ ಮೆತ್ತಗಾಗಿತ್ತು, ಉಗುರು ಊರುವಷ್ಟು. ಅವನ್ನು ಬದಲಿಸಬೇಕಾಯಿತು.

ಸೆಖೆಯ ವಿಷಯದಲ್ಲಿ ಅಷ್ಟು ಗೆಲುವು ಸಿಗಲಿಲ್ಲ, ಸಿಗುವುದೂ ಇಲ್ಲ ಅಂತ ಮೊದಲೇ ಹೇಳಿದ್ದೆ. ಕಿಂಡಿ ಇಟ್ಟರೆ ಮನೆ ತಂಪಾಗುತ್ತದೆ ಅಂತ ಎಲ್ಲರೂ ಹೇಳುತ್ತಾರೆ, ಲೆಕ್ಕ ಯಾರೂ ಹಾಕುವುದಿಲ್ಲ. ಅಟ್ಟದ ಗಾಳಿ ಹೊರಗಿಗಿಂತ 8 ಡಿಗ್ರಿ ಬಿಸಿ ಇದೆ, ಎರಡು ಬಾಯಿಗಳ ನಡುವೆ 8 ಅಡಿ ಎತ್ತರ ಇದೆ ಅಂತಿಟ್ಟುಕೊಳ್ಳಿ. ನಾಲ್ಕು ಚದರಡಿ ಒಳಬಾಯಿ, ನಾಲ್ಕು ಚದರಡಿ ಹೊರಬಾಯಿಯಿಂದ ಗಂಟೆಗೆ ಸುಮಾರು 600 ಘನ ಮೀಟರ್ ಗಾಳಿ ಹಾಯುತ್ತದೆ. ಅಟ್ಟದ ಗಾಳಿ ಗಂಟೆಗೆ ನಾಲ್ಕು ಸಲ ಬದಲಾದಂತೆ. ಪಸೆ ತೆಗೆಯಲು ಇದು ಧಾರಾಳ. ಆದರೆ ಅದು ಹೊತ್ತೊಯ್ಯುವ ಬಿಸಿ ಒಂದೂವರೆ ಕಿಲೋವಾಟ್ ಮಾತ್ರ. ಮಾರ್ಚ್ ಏಪ್ರಿಲ್ ನಡುಹಗಲಿನಲ್ಲಿ ಈ ಮಾಡಿನ ಮೇಲೆ ಬೀಳುವ ಬಿಸಿಲು ನೂರು ಕಿಲೋವಾಟಿನ ಹತ್ತಿರ. ಕಡುಗೆಂಪು ಶೀಟು ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಹೀರುತ್ತದೆ. ಹೀರಿದ್ದರಲ್ಲಿ ಹತ್ತನೇ ಒಂದು ಭಾಗ ಒಳಕ್ಕೆ ಇಳಿದರೂ ಐದು ಕಿಲೋವಾಟ್ ಆಯಿತು. ಮೇಲಾಗಿ ಅದರಲ್ಲಿ ಬಹುಪಾಲು ಬಿಸಿ ಗಾಳಿಯ ಮೂಲಕ ಇಳಿಯುವುದಿಲ್ಲ. ಕಾದ ಶೀಟಿನಿಂದ ನೇರ ಸೀಲಿಂಗಿನ ಮೇಲೆ ಸೂಸುತ್ತದೆ. ನಡುವಿನ ಗಾಳಿಯನ್ನು ಎಷ್ಟು ಬದಲಿಸಿದರೂ ಆ ಸೂಸುವಿಕೆ ನಿಲ್ಲದು.

ಅದಕ್ಕೆ ಬೇರೆ ಮದ್ದು. ಶೀಟಿನ ಅಡಿಗೆ, ಸ್ವಲ್ಪ ಅಂತರ ಬಿಟ್ಟು, ಹೊಳೆಯುವ ಅಲ್ಯೂಮಿನಿಯಂ ಹಾಳೆ ಕಟ್ಟುವುದು ಒಂದು. ಹೊಳೆಯುವ ಅಲ್ಯೂಮಿನಿಯಂ ಬಿಸಿಯನ್ನು ಬಹಳ ಕಡಿಮೆ ಸೂಸುತ್ತದೆ. ಹೊಳೆಯುವ ಮೈ ಕೆಳಮುಖವಾಗಿರಬೇಕು. ಮೇಲ್ಮುಖವಾಗಿಟ್ಟರೆ ಧೂಳು ಕೂತು ಕೆಲವೇ ಕಾಲದಲ್ಲಿ ಅದರ ಗುಣ ಹೋಗುತ್ತದೆ. ಎದುರಿಗೆ ಗಾಳಿಯ ಅಂತರ ಇರಬೇಕು, ಸೀಲಿಂಗಿಗೆ ಒತ್ತಿ ಅಂಟಿಸಿದರೆ ಅದು ಸುಮ್ನೆ ಒಂದು ಹಾಳೆ. ಎರಡನೆಯದು ಶೀಟಿಗೆ ತಿಳಿಬಣ್ಣ. ಮನೆಯವರಿಗೆ ಹಂಚಿನ ಬಣ್ಣವೇ ಇಷ್ಟ, ಬಿಳಿ ಬೇಡ ಅಂದರು. ಅದು ಅವರ ಮನೆ, ಅವರ ಕಣ್ಣು. ಮಧ್ಯಾಹ್ನ ಹೆಚ್ಚು ಬಳಸುವ ಎರಡು ಕೋಣೆಗಳ ಮೇಲೆ ಹಾಳೆ ಕಟ್ಟಿದ್ದೇವೆ. ಅಲ್ಲಿ ಸೀಲಿಂಗಿನ ಹಲಗೆ ಮುಟ್ಟಿದರೆ ವ್ಯತ್ಯಾಸ ಕೈಗೆ ತಿಳಿಯುತ್ತದೆ. ಪಕ್ಕದ ಕೋಣೆಯ ಹಲಗೆ ಬಿಸಿಯಾಗಿಯೇ ಇರುತ್ತದೆ.

ಮಳೆಗಾಲದ ಪ್ರಶ್ನೆ ಇನ್ನೂ ಬಾಕಿ ಇದೆ. ಸೌದೆ ಒಲೆ ಇಲ್ಲದ ಮನೆಯಲ್ಲಿ ಜುಲೈ ಆಗಸ್ಟಿನ ಅಟ್ಟವನ್ನು ಕಿಂಡಿಗಳು ಒಣಗಿಸಲಾರವು. ಅಡಿಕೆ ಮೂಟೆಗಳನ್ನು ಆ ತಿಂಗಳುಗಳಲ್ಲಿ ಅಟ್ಟದಲ್ಲಿ ಇಡಬೇಡಿ ಅಂದಿದ್ದೇನೆ, ಅವರೂ ಕೆಳಗಿನ ಕೋಣೆಗೆ ಇಳಿಸಿದ್ದಾರೆ. ಹಂಡೆ ಒಲೆಯ ಹೊಗೆ ಕೊಳವೆಯನ್ನು ಹೊರಗೆ ಬಿಡುವ ಮುಂಚೆ ಅಟ್ಟದೊಳಗೆ ಒಂದಿಷ್ಟು ದೂರ ಹಾಯಿಸಿ, ಅದರ ಮೈಬಿಸಿಯಿಂದ ಆ ಜಾಗ ಬೆಚ್ಚಗಾಗುವಂತೆ ಮಾಡಬಹುದೇ ಅಂತ ಮನೆಯ ಹಿರಿಯರು ಕೇಳಿದ್ದಾರೆ. ಒಳ್ಳೆ ಯೋಚನೆ. ಆದರೆ ಹಳೆ ಮರ, ಗೋಣಿಚೀಲ ಇರುವ ಕಡೆ ಬಿಸಿ ಕೊಳವೆ ಹಾಯಿಸುವುದು ಹುಡುಗಾಟ ಅಲ್ಲ. ಕೊಳವೆಗೆ ಎರಡು ಪದರ, ಮರದಿಂದ ಸಾಕಷ್ಟು ಅಂತರ, ಮಸಿ ತೆಗೆಯಲು ಬಾಗಿಲು ಬೇಕು. ಅದರ ನಕ್ಷೆ ಈಗ ಮಾಡುತ್ತಿದ್ದೇವೆ. ಮಳೆಗೆ ಮುಂಚೆ ಮೆಶ್ಶುಗಳಿಗೆ ಒಮ್ಮೆ ಬ್ರಷ್ ಹಾಕಿ ಬಲೆ ತೆಗೆಯಬೇಕು, ಪಶ್ಚಿಮದ ಹಲಗೆ ಕೂರಿಸಬೇಕು, ಉಳಿದ ಕೋಣೆಗಳ ಮೇಲೆ ಅಲ್ಯೂಮಿನಿಯಂ ಹಾಳೆ ಕಟ್ಟಬೇಕು.